ಅಪ್‌ಡೇಟ್: ಮೆಥಡೋನ್ ಇಳಿಸುವುದು ಎಲ್ಲಿಗೆ ಬಂತು

ಮೆಥಡೋನ್ (ಹೆರಾಯಿನ್‌ನಂಥ ಚಟ ಬಿಡಿಸಲು, ತೀವ್ರ ನೋವಿಗೆ ಕೊಡುವ ಅಫೀಮು ಜಾತಿಯ ಔಷಧ) ಒಮ್ಮೆಲೇ ಬಿಟ್ಟುಬಿಡಲೋ, ನಿಧಾನಕ್ಕೆ ಇಳಿಸಲೋ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ. ಡಾಕ್ಟರ್ ಹತ್ತಿರ ಮಾತಾಡಿ ನಿಧಾನದ ದಾರಿಯನ್ನೇ ಹಿಡಿದೆ.

ಈ ಔಷಧ ಮೈಯಿಂದ ಬೇಗ ಹೋಗುವುದಿಲ್ಲ. ಅರ್ಧ ಇಳಿಯಲಿಕ್ಕೇ ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು. ಹಾಗಾಗಿ ಡೋಸ್ ಇಳಿಸಿದ ಮರುದಿನ ಆರಾಮಾಗಿದೆ ಅನ್ನಿಸಿದರೂ ನಂಬುವ ಹಾಗಿಲ್ಲ, ಕಷ್ಟ ಕೆಲವು ದಿನ ಬಿಟ್ಟು ಬರುತ್ತದೆ. ನನಗೆ ಪ್ರತಿ ಸಲ ಆಗಿನ ಡೋಸ್‌ನ ಶೇ. 5ರಿಂದ 10ರಷ್ಟು ಮಾತ್ರ ಇಳಿಸುತ್ತಾರೆ, ನಡುವೆ ಕೆಲವು ವಾರ ಬಿಡುವು.

ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಮಲಗಿದರೆ ಕಾಲು ಒಂದು ಕಡೆ ನಿಲ್ಲುವುದಿಲ್ಲ. ಮಡಚಿದರೂ ಚಾಚಿದರೂ ಒಳಗಿಂದ ಏನೋ ಎಳೆದ ಹಾಗೆ. ಬೆವರಿ ಅಂಗಿ ಒದ್ದೆ, ಮರುಕ್ಷಣ ಚಳಿ. ಬಿಸಿನೀರಿನ ಸ್ನಾನ ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತದೆ. ಡಾಕ್ಟರ್ ಕೊಟ್ಟ ಕ್ಲೋನಿಡಿನ್‌ನಿಂದ ಬೆವರು, ಚಡಪಡಿಕೆ ಕಡಿಮೆಯಾಯಿತು. ಆದರೆ ಅದು ಬಿಪಿ ಇಳಿಸುತ್ತದೆ, ಹಾಸಿಗೆಯಿಂದ ತಟ್ಟನೆ ಏಳಬಾರದು. ನಿದ್ದೆ ಮಾತ್ರೆ ಕೇಳಿದೆ, ಕೊಡಲಿಲ್ಲ. ಮೆಥಡೋನ್ ಜೊತೆ ಅದಾಗಲಿ ಮದ್ಯವಾಗಲಿ ಸೇರಿದರೆ ಉಸಿರೇ ನಿಲ್ಲಬಹುದಂತೆ.

ಈಗ ಇಳಿಸುವುದನ್ನು ಸ್ವಲ್ಪ ಕಾಲ ನಿಲ್ಲಿಸಿ ಇದ್ದ ಡೋಸ್‌ನಲ್ಲೇ ಇದ್ದೇನೆ. ಅದು ಸೋಲಲ್ಲ ಎಂದು ಡಾಕ್ಟರ್ ಹೇಳಿದಾಗ ಅಳು ಬಂತು.

ಇದೇ ದಾರಿಯಲ್ಲಿರುವವರಿಗೆ ಒಂದು ಮಾತು: ಡೋಸ್ ಇಳಿದ ಮೇಲೆ ಮೈ ಹಳೆಯ ಪ್ರಮಾಣವನ್ನು ತಡೆಯುವುದಿಲ್ಲ. ಮತ್ತೆ ಅಷ್ಟೇ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಮನೆಯಲ್ಲಿ ನಲೊಕ್ಸೋನ್ (ಇಂಥ ಔಷಧ ಮಿತಿಮೀರಿ ಉಸಿರು ಕುಗ್ಗಿದಾಗ ಕೊಡುವ ತುರ್ತು ಮದ್ದು) ಇಟ್ಟಿದ್ದೇವೆ, ಕೊಡುವುದು ಹೇಗೆಂದು ಅಕ್ಕ ಕಲಿತಿದ್ದಾಳೆ.