ದಾಳಿಂಬೆ ಸಿಪ್ಪೆಯ ಸಾರ ಡಿಎನ್‌ಎಯನ್ನು ಕಾಯುತ್ತದೆಯೇ? ಸಂವೇದಕದ ಅಳತೆಯಲ್ಲೊಂದು ಗೊಂದಲ

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಬಳ್ಳಾರಿ):
ಕುಷ್ಟಗಿಯ ನಮ್ಮ ತೋಟದ ದಾಳಿಂಬೆ ಸಿಪ್ಪೆಯನ್ನು ನೆರಳಿನಲ್ಲಿ ಒಣಗಿಸಿ ತೆಗೆದ ಸಾರವನ್ನು ಪರೀಕ್ಷಿಸುತ್ತಿದ್ದೇನೆ. ಡಿಎನ್‌ಎ ಲೇಪಿಸಿದ ಇಂಗಾಲದ ಎಲೆಕ್ಟ್ರೋಡನ್ನು (ಇದೇ ನನ್ನ ಸಂವೇದಕ) ಫೆರಸ್ ಎಂಬ ಕಬ್ಬಿಣದ ಲವಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿ, ಡಿಎನ್‌ಎಗೆ ಹಾನಿ ಮಾಡುವ ಚುರುಕಾದ ರ್‍ಯಾಡಿಕಲ್ ಕಣಗಳನ್ನು ಹುಟ್ಟಿಸುವ ದ್ರಾವಣದಲ್ಲಿ ಅದ್ದಿದಾಗ, ಸುಮಾರು 1 ವೋಲ್ಟ್ ಬಳಿ ಕಾಣುವ ಗ್ವಾನೀನ್ ಶಿಖರ (ಡಿಎನ್‌ಎಯ ಬೇಸ್ ಎಂಬ ನಾಲ್ಕು ಘಟಕಗಳಲ್ಲಿ ಒಂದಾದ ಗ್ವಾನೀನ್ ಕೊಡುವ ವಿದ್ಯುತ್ ಪ್ರವಾಹದ ಏರು) ಕುಗ್ಗುತ್ತದೆ. ಸಾರ ಬೆರೆಸಿದರೆ ಅದು ಹಾನಿಗೆ ಮುಂಚಿನದಕ್ಕಿಂತಲೂ ಎತ್ತರವಾಗುತ್ತಿದೆ. ಇದನ್ನು ರಕ್ಷಣೆಯೆಂದು ಬರೆಯಬಹುದೇ?

ಉತ್ತರ (ರಾಯಚೂರು):
ದಯವಿಟ್ಟು ಹಾಗೆ ಬರೆಯಬೇಡಿ. ನಾಲ್ಕು ಬೇಸ್‌ಗಳಲ್ಲಿ ಗ್ವಾನೀನ್ ಎಲ್ಲಕ್ಕಿಂತ ಸುಲಭವಾಗಿ ಉತ್ಕರ್ಷಣಗೊಳ್ಳುವುದರಿಂದ (ಎಲೆಕ್ಟ್ರಾನ್ ಕಳೆದುಕೊಳ್ಳುವುದರಿಂದ) ಅದರ ಶಿಖರವನ್ನು ಹಾನಿಯ ಅಳತೆಗೋಲಾಗಿ ಬಳಸುತ್ತೇವೆ. ಆದರೆ ಸಿಪ್ಪೆಯಲ್ಲಿರುವ ಪಾಲಿಫೀನಾಲ್ ಎಂಬ ಸಸ್ಯಜನ್ಯ ಸಂಯುಕ್ತಗಳೂ ಎಲೆಕ್ಟ್ರೋಡಿಗೆ ಅಂಟಿಕೊಂಡು ತಾವೇ ಉತ್ಕರ್ಷಣಗೊಳ್ಳುತ್ತವೆ, ಅವುಗಳ ವಿದ್ಯುತ್ ಪ್ರವಾಹ ನಿಮ್ಮ ಶಿಖರಕ್ಕೆ ಸೇರಿರುವ ಸಾಧ್ಯತೆ ಇದೆ. ಡಿಎನ್‌ಎ ಇಲ್ಲದ ಎಲೆಕ್ಟ್ರೋಡನ್ನು ಅದೇ ಸಾರದಲ್ಲಿ ಅದ್ದಿ, ಬಫರಿನಲ್ಲಿ (ಆಮ್ಲೀಯತೆ ಹೆಚ್ಚು ಬದಲಾಗದಂತೆ ಕಾಯುವ ದ್ರಾವಣದಲ್ಲಿ) ಚೆನ್ನಾಗಿ ತೊಳೆದು, ಹೊಸ ಬಫರಿನಲ್ಲಿ ಅಳೆಯಿರಿ; ಆಗಲೂ ಅದೇ ಜಾಗದಲ್ಲಿ ಶಿಖರ ಕಂಡರೆ ಅದು ಸಾರದ್ದು.

ಉತ್ತರ (ಕೊಪ್ಪಳ):
ಮೇಲಿನ ಮಾತು ಸರಿ. ಪಾಲಿಫೀನಾಲ್‌ಗಳು ಕಬ್ಬಿಣವನ್ನೇ ಹಿಡಿದಿಟ್ಟು ರ್‍ಯಾಡಿಕಲ್ ಹುಟ್ಟದಂತೆ ಮಾಡಬಲ್ಲವು. ಅದೂ ರಕ್ಷಣೆಯೇ, ಆದರೆ ಹುಟ್ಟಿದ ರ್‍ಯಾಡಿಕಲ್ಲನ್ನು ತಣಿಸುವುದಕ್ಕಿಂತ ಬೇರೆ ಬಗೆಯದು. ಹೋಲಿಕೆಗೆ ವಿಟಮಿನ್ ಸಿ ಬಳಸುವಿರಾದರೆ ಎಚ್ಚರ: ಅದು ಕ್ರಿಯೆಯಲ್ಲಿ ಫೆರಿಕ್ ರೂಪಕ್ಕೆ ತಿರುಗಿದ ಕಬ್ಬಿಣವನ್ನು ಮರಳಿ ಫೆರಸ್ ಮಾಡಿ ಹಾನಿಯನ್ನೇ ಹೆಚ್ಚಿಸಬಹುದು. 1 ವೋಲ್ಟಿಗಿಂತ ಸಾಕಷ್ಟು ಕೆಳಗೆ ಕಾಣುವ 8-ಆಕ್ಸೊಗ್ವಾನೀನ್ (ಗ್ವಾನೀನ್ ಹಾನಿಗೊಂಡಾಗ ಉಂಟಾಗುವ ರೂಪ) ಶಿಖರವನ್ನೂ ಗಮನಿಸಿ.

ಪ್ರಶ್ನೆ ಕೇಳಿದವರು:
ತಮ್ಮಿಬ್ಬರಿಗೂ ಧನ್ಯವಾದಗಳು. ಡಿಎನ್‌ಎ ಇಲ್ಲದ ಎಲೆಕ್ಟ್ರೋಡಿನಲ್ಲೂ ಅದೇ ಜಾಗದಲ್ಲಿ ಅಗಲವಾದ ಉಬ್ಬು ಕಂಡಿತು. ಮೂರು ಬಾರಿ ತೊಳೆದ ಮೇಲೆ ಅದು ಬಹುಪಾಲು ಇಳಿಯಿತು. ಎಲ್ಲ ಅಳತೆಗಳನ್ನು ಮೊದಲಿನಿಂದ ತೆಗೆಯುತ್ತಿದ್ದೇನೆ.