ಕಾಫಿ ಬೇಳೆ ವಿಂಗಡಿಸುವ ಯಂತ್ರಕ್ಕೆ ಯಾವ ಎಫ್‌ಪಿಜಿಎ? ಬಳಸಿದವರ ಅನುಭವಗಳು

ಕುಶಾಲನಗರದಿಂದ ಬಂದ ಪ್ರಶ್ನೆ: ನಮ್ಮ ಕ್ಯೂರಿಂಗ್ ಘಟಕದಲ್ಲಿ ಕಪ್ಪು ಬೇಳೆಯನ್ನು ಬೇರ್ಪಡಿಸುವ ಹಳೆಯ ಕಲರ್ ಸಾರ್ಟರಿನ ನಿಯಂತ್ರಣ ಬೋರ್ಡು ಕೆಟ್ಟಿದೆ. ಅದರಲ್ಲಿದ್ದುದು ಸ್ಪಾರ್ಟನ್-6 ಎಂಬ ಎಫ್‌ಪಿಜಿಎ, ಅಂದರೆ ಒಳಗಿನ ತರ್ಕವನ್ನು ನಾವೇ ಬರೆದು ತುಂಬಬಹುದಾದ ಚಿಪ್. ಹೊಸ ಬೋರ್ಡನ್ನು ನಾವೇ ಮಾಡಿಕೊಳ್ಳುವ ಯೋಚನೆಯಿದೆ. ಎಎಂಡಿ, ಆಲ್ಟೆರಾಗಳಲ್ಲದೆ ಗೋವಿನ್, ಎಫಿನಿಕ್ಸ್, ರೆನೆಸಾಸ್ ಎಂಬ ಚಿಪ್ ಕಂಪನಿಗಳ ಹೆಸರುಗಳೂ ಈಗ ಕಿವಿಗೆ ಬೀಳುತ್ತಿವೆ. ಬಳಸಿದವರು ದಯವಿಟ್ಟು ತಿಳಿಸಿ.

ಗೋಣಿಕೊಪ್ಪದಿಂದ: ಕಂಪನಿಯ ಹೆಸರು ನೋಡುವ ಮೊದಲು ನಿಮ್ಮ ಕೆಲಸಕ್ಕೆ ಎಷ್ಟು ದೊಡ್ಡ ಚಿಪ್ ಬೇಕೆಂದು ಲೆಕ್ಕ ಹಾಕಿ. ನಾನು ಮಾಡಿದ ಯಂತ್ರದಲ್ಲಿ 2048 ಪಿಕ್ಸೆಲ್‌ಗಳ ಲೈನ್ ಕ್ಯಾಮೆರಾ ಸೆಕೆಂಡಿಗೆ 10,000 ಸಾಲುಗಳನ್ನು ಕಳುಹಿಸುತ್ತದೆ. ಅಂದರೆ ಸುಮಾರು 49 ನ್ಯಾನೋಸೆಕೆಂಡಿಗೊಂದು ಪಿಕ್ಸೆಲ್ ಬರುತ್ತದೆ, 100 ಮೆಗಾಹರ್ಟ್ಸ್ ಗಡಿಯಾರಕ್ಕೆ ಪ್ರತಿ ಪಿಕ್ಸೆಲ್‌ಗೆ ಐದು ಬಡಿತಗಳೂ ಪೂರ್ತಿ ಸಿಗುವುದಿಲ್ಲ. ಕೇಳುವುದಕ್ಕೆ ಭಯವಾದರೂ ಬಣ್ಣದ ಹೋಲಿಕೆಯನ್ನು ಹಂತಹಂತವಾಗಿ ಸಾಲಿನಲ್ಲಿ ನಿಲ್ಲಿಸಿದರೆ ಇದು ಚಿಕ್ಕ ಚಿಪ್ಪಿನ ಕೆಲಸವೇ. ಕ್ಯಾಮೆರಾದ ಮುಂದಿನಿಂದ ಗಾಳಿಯ ನಳಿಗೆಯವರೆಗಿನ 10 ಸೆಂಟಿಮೀಟರನ್ನು ಬೇಳೆ ಸುಮಾರು 33 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟು ಹೊತ್ತು, ಗಾಳಿ ಊದಿ ಕಪ್ಪು ಬೇಳೆಯನ್ನು ತಳ್ಳುವ 64 ವಾಲ್ವ್‌ಗಳ ತೀರ್ಮಾನವನ್ನು ನೆನಪಿಟ್ಟುಕೊಳ್ಳಲು 21,000 ಬಿಟ್‌ಗಳಷ್ಟು ಜಾಗ ಸಾಕು.

ಆದ್ದರಿಂದ ನಾನು ಗೋವಿನ್‌ನ ಜಿಡಬ್ಲ್ಯು1ಎನ್‌ಆರ್-9 ಇರುವ ಟ್ಯಾಂಗ್ ನ್ಯಾನೋ 9ಕೆ ಬೋರ್ಡಿನಲ್ಲಿ ಪ್ರಯೋಗ ಆರಂಭಿಸಿದೆ. (ಫೋನಿನಲ್ಲಿ ಹೆಸರು ಕೇಳಿಸಿಕೊಂಡ ಅತ್ತೆಯವರು ನಾನು ಹಸು ಕೊಳ್ಳುತ್ತಿದ್ದೇನೆಂದೇ ತಿಳಿದಿದ್ದರು.) ಇದರಲ್ಲಿ 8640 ಎಲ್‌ಯುಟಿಗಳಿವೆ (ತರ್ಕದ ಚಿಕ್ಕ ಘಟಕಗಳು), ನನ್ನ ವಿನ್ಯಾಸ ಅದರ ಅರ್ಧವನ್ನೂ ತುಂಬಲಿಲ್ಲ. ನನಗೆ ಮುಖ್ಯವಾದದ್ದು ಒಳಗೇ ಇರುವ ಫ್ಲ್ಯಾಶ್, ಅಂದರೆ ಕರೆಂಟು ಹೋದರೂ ವಿನ್ಯಾಸವನ್ನು ಉಳಿಸಿಕೊಳ್ಳುವ ಮೆಮೊರಿ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಗಂಟೆಗೆ ನಾಲ್ಕು ಸಲ ಹೋಗಿ ಬರುವುದುಂಟು; ಹೊರಗಿನ ಫ್ಲ್ಯಾಶ್‌ನಿಂದ ಓದಿಕೊಳ್ಳುವ ಹಳೆಯ ಬೋರ್ಡು ವೋಲ್ಟೇಜು ಅರ್ಧ ಏರಿದಾಗಲೇ ಓದಲು ತೊಡಗಿ ಹಲವು ಬಾರಿ ಸಿಕ್ಕಿಕೊಂಡು, ಅಷ್ಟೂ ವಾಲ್ವ್‌ಗಳು ಒಟ್ಟಿಗೆ ತೆರೆದು ಒಳ್ಳೆಯ ಬೇಳೆಯನ್ನೂ ಕಸದ ಚೀಲಕ್ಕೆ ಊದಿದ್ದನ್ನು ನಾನೇ ಕಂಡಿದ್ದೇನೆ. ಹೊಸ ಬೋರ್ಡಿನಲ್ಲಿ ಅದು ನಿಂತಿದೆ. ಆದರೂ ಚಿಪ್ ಸುಮ್ಮನಿರುವಾಗ ವಾಲ್ವ್‌ಗಳನ್ನು ಮುಚ್ಚಿಡುವಂತೆ ವಾಲ್ವ್ ಸಾಲಿಗೆ ಪುಲ್‌ಡೌನ್ ರೆಸಿಸ್ಟರ್ ಹಾಕುವುದನ್ನು ಯಾವ ಕಂಪನಿಯ ಚಿಪ್ ಆದರೂ ಮರೆಯಬೇಡಿ.

ಇನ್ನೊಂದು ಮಾತು. ಅಡಿಯಲ್ಲಿ ಬೆಸುಗೆಯ ಗುಂಡುಗಳಿರುವ ಬಿಜಿಎ ಚಿಪ್ ಕೆಟ್ಟರೆ ಬೋರ್ಡನ್ನು ಬೆಂಗಳೂರಿಗೆ ಕಳುಹಿಸಬೇಕು. ಅಂಚಿನಲ್ಲಿ ಕಾಲುಗಳಿರುವ ಚಿಪ್ಪನ್ನು ನಾನು ಹಾಟ್ ಏರ್‌ನಿಂದ ಮನೆಯಲ್ಲೇ ಬದಲಾಯಿಸಿದ್ದೇನೆ.

ಮಡಿಕೇರಿಯಿಂದ: ಮೇಲಿನವರ ಲೆಕ್ಕ ಸರಿಯಿದೆ, ಆದರೆ ಹತ್ತು ವರ್ಷ ನಡೆಯಬೇಕಾದ ಯಂತ್ರಕ್ಕೆ ನಾನು ಇಷ್ಟು ಧೈರ್ಯ ಮಾಡುವುದಿಲ್ಲ. ಆಲ್ಟೆರಾವನ್ನು 2015ರಲ್ಲಿ ಇಂಟೆಲ್ ಕೊಂಡು, 2025ರಲ್ಲಿ ಅದರ 51 ಶೇಕಡಾ ಪಾಲನ್ನು ಸಿಲ್ವರ್ ಲೇಕ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿತು. ಸ್ಪಾರ್ಟನ್ ತಯಾರಿಸಿದ ಜೈಲಿಂಕ್ಸ್ 2022ರಲ್ಲಿ ಎಎಂಡಿಯ ಕೈಸೇರಿತು. ದೊಡ್ಡವರ ಗಮನ ಡೇಟಾ ಸೆಂಟರಿನತ್ತ ತಿರುಗಿದ್ದರಿಂದ ಚಿಕ್ಕ ಚಿಪ್‌ಗಳ ಜಾಗ ಖಾಲಿಯಾಗಿ ಹೊಸಬರು ಒಳಬಂದರೆಂಬುದು ನನ್ನ ಅನಿಸಿಕೆ. ಎಫಿನಿಕ್ಸ್‌ನ ಟಿ20, 144 ಕಾಲಿನ ಪ್ಯಾಕೇಜಿನಲ್ಲಿ ಸಿಗುತ್ತದೆ, ಸುಮಾರು 19,700 ಲಾಜಿಕ್ ಎಲಿಮೆಂಟ್‌ಗಳಿವೆ. ಆದರೆ ಹೊರಗಿನ ಫ್ಲ್ಯಾಶ್ ಬೇಕು. ರೆನೆಸಾಸ್‌ನ ಫೋರ್ಜ್‌ಎಫ್‌ಪಿಜಿಎ 1120 ಎಲ್‌ಯುಟಿಗಳದ್ದು, ನಿಮಗೆ ಸಾಲದು. ನಾನಾದರೆ ಲ್ಯಾಟಿಸ್ ಕಂಪನಿಯದನ್ನು ಆರಿಸುತ್ತೇನೆ. ಅವರು ಚಿಕ್ಕ ಚಿಪ್‌ಗಳನ್ನು ಬಿಟ್ಟುಕೊಟ್ಟವರಲ್ಲ. ಹಳೆಯ ಸ್ಪಾರ್ಟನ್-6ನ್ನೇ ಹುಡುಕಿ ಹಾಕುವ ಆಸೆ ಬೇಡ. ಅದಕ್ಕೆ ವಿನ್ಯಾಸ ತಯಾರಿಸುವ ಐಎಸ್‌ಇ ಟೂಲ್ 2013ಕ್ಕೇ ನಿಂತಿದೆ, ಅದರ ಬದಲಿಗೆ ಬಂದ ವಿವಾಡೋ ಆ ಚಿಪ್ಪನ್ನು ಒಪ್ಪುವುದಿಲ್ಲ. 2021ರ ಚಿಪ್ ಕೊರತೆಯಲ್ಲಿ ಒಬ್ಬ ಮಾರಾಟಗಾರನಿಂದ ‘ಹೊಚ್ಚಹೊಸತು’ ಎಂದು ತರಿಸಿದವುಗಳನ್ನು ಅಸಿಟೋನ್ ಹಚ್ಚಿದ ಹತ್ತಿಯಿಂದ ಉಜ್ಜಿದಾಗ ಮೇಲಿನ ಅಕ್ಷರ ಅಳಿಸಿ, ಕೆಳಗೆ ಗೀಚಿ ತೆಗೆದ ಹಳೆಯ ಗುರುತುಗಳು ಕಾಣಿಸಿಕೊಂಡಿದ್ದವು. ಆರರಲ್ಲಿ ಎರಡು ಮಾತ್ರ ಕೆಲಸ ಮಾಡಿದವು.

ಪೊನ್ನಂಪೇಟೆಯಿಂದ: ಕಂಪನಿಯ ಸಿದ್ಧ ಬ್ಲಾಕ್‌ಗಳನ್ನು ಆದಷ್ಟು ಬಳಸದೆ ಚಿಪ್ ವಿನ್ಯಾಸದ ಭಾಷೆಯಾದ ವೆರಿಲಾಗ್‌ನಲ್ಲಿ ಸರಳವಾಗಿ ಬರೆಯಿರಿ. ಯೋಸಿಸ್ ಮತ್ತು ನೆಕ್ಸ್ಟ್‌ಪಿಎನ್‌ಆರ್ ಎಂಬ ಮುಕ್ತ ಟೂಲ್‌ಗಳು ಲ್ಯಾಟಿಸ್‌ನ ಐಸ್40, ಇಸಿಪಿ5 ಮತ್ತು ಗೋವಿನ್‌ನ ಕೆಲವು ಚಿಪ್‌ಗಳಿಗೆ ಕೆಲಸ ಮಾಡುತ್ತವೆ. ನನ್ನ ವಿದ್ಯಾರ್ಥಿಗಳು ಒಂದೇ ಕೋಡನ್ನು ಎರಡು ಕಂಪನಿಗಳ ಬೋರ್ಡಿಗೆ ಒಂದೇ ಮಧ್ಯಾಹ್ನದಲ್ಲಿ ಇಳಿಸಿದ್ದಾರೆ. ಬದಲಾಯಿಸಬೇಕಾದದ್ದು ಪಿಎಲ್‌ಎಲ್ (ಗಡಿಯಾರದ ವೇಗ ಹೊಂದಿಸುವ ಭಾಗ) ಮತ್ತು ಪಿನ್ ಪಟ್ಟಿ ಮಾತ್ರ.

ಕುಶಾಲನಗರದಿಂದ ಮತ್ತೆ: ಎಲ್ಲರಿಗೂ ಧನ್ಯವಾದ. ಮೊದಲು ಟ್ಯಾಂಗ್ ನ್ಯಾನೋದಲ್ಲಿ ವೆರಿಲಾಗ್ ಬರೆದು ನೋಡುತ್ತೇನೆ. ಕೊನೆಯ ಬೋರ್ಡಿಗೆ ಲ್ಯಾಟಿಸ್‌ನ ಬೆಲೆ ವಿಚಾರಿಸಿದ್ದೇನೆ. ಪುಲ್‌ಡೌನ್‌ಗೆ ಎಷ್ಟು ಕಿಲೋಓಮ್ ಹಾಕಿದ್ದಿರೆಂದು ಗೋಣಿಕೊಪ್ಪದವರು ತಿಳಿಸುವಿರಾ?

ಗೋಣಿಕೊಪ್ಪದಿಂದ: 4.7. ಚಿಪ್‌ನೊಳಗಿನ ಪುಲ್‌ಅಪ್ ಸಾಲನ್ನು ಮೇಲಕ್ಕೆಳೆಯುತ್ತದೆ, ಇದು ಅದನ್ನು ಮೀರಿ ಕೆಳಕ್ಕೆಳೆಯಬೇಕು.