ಸ್ಯಾಂಕ್ಷನ್ ಅಂದರೆ ಒಪ್ಪಿಗೆಯೋ, ಶಿಕ್ಷೆಯೋ?

ತರ್ಜುಮೆ ತಾಪತ್ರಯ:
ಇಷ್ಟು ವರ್ಷ ನನಗೆ ಸ್ಯಾಂಕ್ಷನ್ ಅಂದರೆ ಒಂದೇ ಅರ್ಥ. ಸಾಲ ಸ್ಯಾಂಕ್ಷನ್ ಆಯ್ತು, ರಜೆ ಸ್ಯಾಂಕ್ಷನ್ ಆಯ್ತು, ಅಂದರೆ ಮಂಜೂರಾಯ್ತು, ಅಷ್ಟೇ. ಮೊನ್ನೆ ಒಂದು ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತರುತ್ತಿದ್ದೆ. ಯಾವುದೋ ದೇಶದ ಮೇಲೆ ಸ್ಯಾಂಕ್ಷನ್ಸ್ ಹಾಕಿದ್ದಾರೆ ಅಂತ ಇತ್ತು, ಅದನ್ನು ನಿರ್ಬಂಧ ಅಂತ ಬರೆದೆ. ಎರಡು ಪ್ಯಾರಾ ಆದಮೇಲೆ 'ಕೌನ್ಸಿಲ್ ಸ್ಯಾಂಕ್ಷನ್ಡ್ ದಿ ಅಟ್ಯಾಕ್' ಅಂತ ಬಂತು, ಅದೇ ಗುಂಗಿನಲ್ಲಿ 'ಮಂಡಳಿ ದಾಳಿಗೆ ನಿರ್ಬಂಧ ಹೇರಿತು' ಅಂತ ಬರೆದು ಕಳಿಸಿಯೂ ಬಿಟ್ಟೆ. ತಿದ್ದುವವರು ಫೋನ್ ಮಾಡಿ, ಅವರು ದಾಳಿ ಮಾಡಿ ಅಂತ ಒಪ್ಪಿಗೆ ಕೊಟ್ಟಿದ್ದಾರೆ, ನೀವು ನಿಲ್ಲಿಸಿಯೇ ಬಿಟ್ಟಿದ್ದೀರಲ್ಲ ಅಂದರು. ಮಾನ ಹೋಯಿತು.

ಒಂದೇ ಪದಕ್ಕೆ ಹೀಗೆ ತಿರುಗುಮುರುಗು ಅರ್ಥ ಹೇಗೆ ಬಂತು? ನೋಡಿದ ಕೂಡಲೇ ಗುರುತಿಸೋದು ಹೇಗೆ? ನಿಘಂಟಿನಲ್ಲಿ ಸಮಾನಾರ್ಥಕ ಅಂತ ಅಪ್ರೂವ್, ಆಥರೈಸ್, ರ‍್ಯಾಟಿಫೈ ಒಂದು ಕಡೆ, ಪೆನಾಲ್ಟಿ, ಎಂಬಾರ್ಗೊ ಇನ್ನೊಂದು ಕಡೆ ಕೊಟ್ಟಿದ್ದಾರೆ. ಇವನ್ನೆಲ್ಲ ಅದಲು ಬದಲು ಮಾಡಬಹುದಾ?

ಹಳೇ ನಿಘಂಟು:
ಅದು ಎರಡು ಪದ ಅಲ್ಲ, ಒಂದೇ ಪದ ಎರಡು ಕಡೆ ಕವಲೊಡೆದದ್ದು. ಮೂಲ ಲ್ಯಾಟಿನ್ನಿನ 'ಸಾಂಕಿರೆ', ಪವಿತ್ರ ಮಾಡು, ಕಟ್ಟಳೆ ಮಾಡು ಅಂತ ಅರ್ಥ. ಸೇಂಟ್, ಸ್ಯಾಂಕ್ಚುಅರಿ ಎಲ್ಲ ಅದೇ ಬಳಗ. ಇಂಗ್ಲಿಷಿಗೆ ಬಂದಾಗ ಸ್ಯಾಂಕ್ಷನ್ ಅಂದರೆ ಬರೀ ಕಾನೂನು, ಕಟ್ಟಪ್ಪಣೆ. 1713ರಲ್ಲಿ ಆಸ್ಟ್ರಿಯಾ ಆಳುತ್ತಿದ್ದ ಆರನೇ ಚಾರ್ಲ್ಸ್ ಚಕ್ರವರ್ತಿ ತನ್ನ ರಾಜ್ಯ ಹೆಣ್ಣುಮಕ್ಕಳಿಗೂ ಸಿಗುವ ಹಾಗೆ ಹೊರಡಿಸಿದ ಆಜ್ಞೆಗೆ ಪ್ರ್ಯಾಗ್ಮ್ಯಾಟಿಕ್ ಸ್ಯಾಂಕ್ಷನ್ ಅಂತಲೇ ಹೆಸರು. ಅಲ್ಲಿ ಒಪ್ಪಿಗೆಯೂ ಇಲ್ಲ, ಶಿಕ್ಷೆಯೂ ಇಲ್ಲ, ಬರೀ ಶಾಸನ.

ಈಗ ಯೋಚನೆ ಮಾಡಿ. ಕಾನೂನು ಒಂದು ಕೆಲಸಕ್ಕೆ ಮುದ್ರೆ ಒತ್ತುತ್ತದೆ, ಮೀರಿದವರಿಗೆ ದಂಡ ಹಾಕುತ್ತದೆ. ಮುದ್ರೆಯ ಕಡೆಯಿಂದ ಒಪ್ಪಿಗೆ ಅನ್ನೋ ಅರ್ಥ ಬೆಳೆಯಿತು, ದಂಡದ ಕಡೆಯಿಂದ ಶಿಕ್ಷೆ ಅನ್ನೋದು. ನಮ್ಮಲ್ಲೂ ಇದೆಯಲ್ಲ, ಶಾಸನ ಮತ್ತು ಶಾಸ್ತಿ ಎರಡೂ ಸಂಸ್ಕೃತದ ಒಂದೇ ಧಾತುವಿನಿಂದ ಬಂದವು. 'ತಕ್ಕ ಶಾಸ್ತಿ ಆಯ್ತು' ಅನ್ನುವಾಗ ನಮಗೆ ಶಾಸನ ನೆನಪಾಗಲ್ಲ, ಅಷ್ಟೇ. ಶಿಷ್ಯ ಕೂಡ ಅದೇ ಧಾತು, ಪಾಪ.

ಕಾಮಾ ಪೂರ್ಣವಿರಾಮ:
ಇತಿಹಾಸ ಚೆನ್ನಾಗಿದೆ, ಆದರೆ ಕೆಲಸ ಮಾಡುವಾಗ ಅಕ್ಕಪಕ್ಕದ ಪದ ನೋಡಿದರೆ ಸಾಕು. ಬಹುವಚನದಲ್ಲಿ ಸ್ಯಾಂಕ್ಷನ್ಸ್ ಅಂತ ಇದ್ದು, ಜೊತೆಗೆ ಇಂಪೋಸ್, ಲಿಫ್ಟ್, ಅಗೇನ್ಸ್ಟ್ ಇದ್ದರೆ ಹೆಚ್ಚು ಕಡಿಮೆ ಯಾವಾಗಲೂ ನಿರ್ಬಂಧವೇ. 'ವಿತ್ ದಿ ಸ್ಯಾಂಕ್ಷನ್ ಆಫ್' ಅಂತ ಬಂದರೆ ಒಪ್ಪಿಗೆ.

ಕ್ರಿಯಾಪದ ಆದಾಗಲೇ ಕಷ್ಟ. ಆಗ ಕರ್ಮ ಯಾವುದು ನೋಡಿ. ಸ್ಯಾಂಕ್ಷನ್ ಆಗಿದ್ದು ಕೆಲಸ, ಯೋಜನೆ, ಹಣ ಆದರೆ ಸಾಮಾನ್ಯವಾಗಿ ಒಪ್ಪಿಗೆ. ದೇಶ, ಕಂಪನಿ, ವ್ಯಕ್ತಿ ಆದರೆ ಶಿಕ್ಷೆ. ನಿಮ್ಮ ವಾಕ್ಯದಲ್ಲಿ ಕರ್ಮ ದಾಳಿ, ಅದೊಂದು ಕೆಲಸ, ಹಾಗಾಗಿ ಒಪ್ಪಿಗೆ. ಶಿಕ್ಷಿಸು ಅನ್ನೋ ಅರ್ಥದ ಕ್ರಿಯಾಪದ ಬಂದಿದ್ದೇ 20ನೇ ಶತಮಾನದಲ್ಲಿ, ಹಳೇ ಪುಸ್ತಕ ಓದುತ್ತಿದ್ದರೆ ಆ ತಲೆನೋವೇ ಇಲ್ಲ.

ಪದಜಗಳ:
ಸಮಾನಾರ್ಥಕ ಅಂತ ನಿಘಂಟಿನವರು ಸಾಲಾಗಿ ಕೊಟ್ಟುಬಿಡುತ್ತಾರೆ, ಅದಲು ಬದಲು ಮಾಡೋಕೆ ಹೋದರೆ ಕೆಡುತ್ತೆ. ಅಪ್ರೂವ್ ಯಾರು ಬೇಕಾದರೂ ಮಾಡಬಹುದು, ನಿಮ್ಮ ಶರ್ಟಿನ ಬಣ್ಣ ನಾನು ಅಪ್ರೂವ್ ಮಾಡಬಹುದು. ಸ್ಯಾಂಕ್ಷನ್ ಮಾಡೋಕೆ ಅಧಿಕಾರ ಬೇಕು. ಆಥರೈಸ್ ಅಂದರೆ ಮಾಡುವ ಅಧಿಕಾರವನ್ನೇ ಇನ್ನೊಬ್ಬರಿಗೆ ಕೊಡೋದು. ರ‍್ಯಾಟಿಫೈ ಅಂದರೆ ಆಗಲೇ ಸಹಿ ಬಿದ್ದ ಒಪ್ಪಂದವನ್ನು ಆಮೇಲೆ ಗಟ್ಟಿ ಮಾಡೋದು. ರಜೆಯನ್ನು ರ‍್ಯಾಟಿಫೈ ಮಾಡಿದರು ಅಂತ ಬರೆದರೆ ನಗುತ್ತಾರೆ.

ಆ ಕಡೆ ಎಂಬಾರ್ಗೊ ಅಂದರೆ ವ್ಯಾಪಾರ ತಡೆಯೋದು ಮಾತ್ರ, ಅದು ಸ್ಯಾಂಕ್ಷನ್ಸ್‌ನ ಒಂದು ಬಗೆ. 1977ರಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ದಕ್ಷಿಣ ಆಫ್ರಿಕಾಕ್ಕೆ ಆಯುಧ ಮಾರಬಾರದು ಅಂತ ಹೇಳಿತಲ್ಲ, ಅದು ಎಂಬಾರ್ಗೊ. ಅದೇ 1935ರಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ಬಿದ್ದಾಗ ವಿಶ್ವಸಂಸ್ಥೆಗೂ ಮೊದಲು ಇದ್ದ ಲೀಗ್ ಆಫ್ ನೇಷನ್ಸ್ ಹಾಕಿದ್ದು ಸ್ಯಾಂಕ್ಷನ್ಸ್, ಅದರಲ್ಲಿ ಆಯುಧ, ಸಾಲ, ಆಮದು ಎಲ್ಲ ಸೇರಿತ್ತು. ಪೆಟ್ರೋಲಿಯಂ ಎಣ್ಣೆ ಮಾತ್ರ ಬಿಟ್ಟಿದ್ದರು, ಅದು ಬೇರೆ ಕಥೆ. ಇನ್ನು ಪತ್ರಿಕೆಗಳಲ್ಲಿ ಇದಕ್ಕೆಲ್ಲ ದಿಗ್ಬಂಧನ ಅಂತ ಬರೀತಾರೆ, ನನಗೆ ಒಪ್ಪಿಗೆ ಇಲ್ಲ. ದಿಗ್ಬಂಧನ ಅಂದರೆ ಸುತ್ತ ದಾರಿ ಕಟ್ಟೋದು, ಬ್ಲಾಕೇಡ್. ಹಡಗು ಅಡ್ಡ ನಿಲ್ಲಿಸೋದೂ ಬ್ಯಾಂಕ್ ಖಾತೆ ಮುಟ್ಟುಗೋಲು ಹಾಕೋದೂ ಒಂದೇನಾ?

ಹಳೇ ನಿಘಂಟು:
'ಆರ್ಥಿಕ ದಿಗ್ಬಂಧನ' ಅಂತ ಹಿಂದೆ ಆರ್ಥಿಕ ಸೇರಿಸಿದರೆ ಯಾರಿಗೂ ಹಡಗು ನೆನಪಾಗಲ್ಲ ಬಿಡಿ. ರೂಢಿಯಾಗಿದೆ.

ಪದಜಗಳ:
ರೂಢಿಯಾಗಿದೆ ಅಂತಲೇ ಜಗಳ ಆಡ್ತಿರೋದು.

ತರ್ಜುಮೆ ತಾಪತ್ರಯ:
ಕರ್ಮ ನೋಡೋ ಉಪಾಯ ಬಹಳ ಉಪಯೋಗಕ್ಕೆ ಬಂತು. ಲೇಖನ ಪೂರ್ತಿ ಮತ್ತೆ ನೋಡಿದೆ, ಇನ್ನೊಂದು ಕಡೆಯೂ ಎಡವಿದ್ದೆ. ಶಾಸನ, ಶಾಸ್ತಿ ಇನ್ನು ಮರೆಯಲ್ಲ. ತಿದ್ದುವವರಿಗೆ ಇಂಗ್ಲಿಷಿನಲ್ಲೇ ಒಂದು ಮೇಲ್ ಹಾಕಿ, ಇದು ನನ್ನ ಓವರ್‌ಸೈಟ್, ಕ್ಷಮಿಸಿ ಅಂತ ಬರೆದಿದ್ದೇನೆ.

ಕಾಮಾ ಪೂರ್ಣವಿರಾಮ:
ಓವರ್‌ಸೈಟ್ ಅಂದರೆ ಕಣ್ತಪ್ಪು ಹೌದು, ಮೇಲ್ವಿಚಾರಣೆ ಅಂತಲೂ ಹೌದು. ಅವರು ಯಾವುದನ್ನು ಹಿಡಿದುಕೊಂಡರೋ ಕೇಳಿ ನೋಡಿ.

ತರ್ಜುಮೆ ತಾಪತ್ರಯ:
ಅಯ್ಯೋ.